ಕತೆಯ ಹಳ್ಳಕ್ಕೆ ಬಿದ್ದ ಅತ್ತೆ

ಆ ಶಿಬಿರದ ಮಾತು ಬಂದಾಗಲೆಲ್ಲ ಜನ ಕೊನೆಯ ದಿನದಿಂದಲೇ ಶುರು ಮಾಡುತ್ತಾರೆ. ಹಳೇಬೀಡಿನ ಶಾಲೆಯೊಂದರ ಸಭಾಂಗಣ, ತುಂಬಿದ ಕುರ್ಚಿಗಳು, ವೇದಿಕೆಯ ಮೇಲೆ ಹದಿನಾರರ ಹುಡುಗಿ, ಅವಳ ಬಾಯಲ್ಲಿ ಅವಳ ಅತ್ತೆಯ ಕತೆ. ಕತೆ ಮುಗಿದ ಮೇಲೆ ಅದೇ ಅತ್ತೆಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಆ ಹೆಂಗಸು ಸಂತೋಷ ತಡೆಯಲಾರದೆ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಅಡುಗೆಮನೆಯ ಮೂಲೆಯಲ್ಲಿದ್ದವಳ ಮೇಲೆ ಅವತ್ತು ಬೆಳಕು ಬಿತ್ತು. ಹೇಳುವವರು ಹೀಗೆ ಹೇಳುತ್ತಾರೆ. ವಿಡಿಯೊದಲ್ಲೂ ಹಾಗೇ ಕಾಣುತ್ತದೆ.

ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ಅವಳು ಅಳಲಿಲ್ಲ. ಅವತ್ತು ಬೆಳಗ್ಗೆ ಹೊರಡುವ ಮುಂಚೆ ಅವಳು ಒಂದು ಬಾಣಲೆ ತುಂಬ ಬ್ಯಾಡಗಿ ಮೆಣಸಿನಕಾಯಿ ಹುರಿದಿದ್ದಳು. ಆ ಕೈಯಲ್ಲೇ ಕಣ್ಣು ಮುಟ್ಟಿಕೊಂಡಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣು ಉರಿಯುತ್ತಿತ್ತು ಎಂದು ಅಮ್ಮನೇ ಹೇಳಿದ್ದಾಳೆ. ಚರ್ಚಾ ಸ್ಪರ್ಧೆಯಲ್ಲಾಗಿದ್ದರೆ ಇಷ್ಟು ಸಾಕ್ಷಿ ಇಟ್ಟು ಎದುರು ತಂಡದ ಕಡೆ ತಿರುಗಿ ಒಂದು ನಗು ನಕ್ಕು ಕೂರುತ್ತಿದ್ದೆ. ಪಿಯುಸಿಯಿಂದ ಡಿಗ್ರಿ ಮುಗಿಯುವವರೆಗೆ ನನ್ನ ಕೆಲಸವೇ ಅದಾಗಿತ್ತು. ಯಾವ ವಿಷಯ ಕೊಟ್ಟರೂ ಪರ, ವಿರೋಧ ಎರಡೂ ಮಾತಾಡುವುದು.

ಎರಡನೆಯದಾಗಿ ಅಂತ ನನ್ನ ಹತ್ತಿರ ಏನೂ ಇಲ್ಲ. ಅಲ್ಲಿಂದಲೇ ನಾಚಿಕೆ ಶುರುವಾಗುತ್ತದೆ.

ವೇದಿಕೆಯ ಮೇಲಿದ್ದ ಹುಡುಗಿ ನನ್ನ ತಂಗಿ. ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಅರಸೀಕೆರೆಯಲ್ಲಿ ನಮ್ಮದು ಮುಂದೆ ಕೊಬ್ಬರಿ ಅಂಗಡಿ, ಹಿಂದೆ ಮನೆ. ಮೇಲೆ ಅಟ್ಟದ ತುಂಬ ತೆಂಗಿನಕಾಯಿ. ತಿಂಗಳುಗಟ್ಟಲೆ ಅಲ್ಲೇ ಬಿದ್ದು ಒಳಗಿನ ನೀರು ಆರಿ, ಕಾಯಿ ಕರಟ ಬಿಟ್ಟು ಒಳಗೇ ಗಡಗಡ ಅನ್ನುವವರೆಗೂ ಅದನ್ನು ಯಾರೂ ಮುಟ್ಟುವಂತಿಲ್ಲ. ನಾನು ಹುಟ್ಟುವ ಮೊದಲೇ ಅತ್ತೆ ಗಂಡನ ಮನೆಯಿಂದ ಬಂದವಳು ಮತ್ತೆ ಹೋಗಲಿಲ್ಲ. ಯಾಕೆ ಅಂತ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಮಾತಾಡಬಾರದು ಅಂತ ಯಾರೂ ಹೇಳಿಯೂ ಇಲ್ಲ. ಗಂಡ ಬಾಣಾವರದಾಚೆ ಎಲ್ಲೋ ಇದ್ದಾನೆ. ಅತ್ತೆಯ ಕೊರಳಲ್ಲಿ ತಾಳಿ ಇದೆ, ಕಾಲಲ್ಲಿ ಕಾಲುಂಗುರ ಇದೆ, ಹಣೆಯಲ್ಲಿ ವಿಭೂತಿಯ ಕೆಳಗೆ ಕಾಸಗಲ ಕುಂಕುಮ ಇದೆ.

ಮದುವೆ ಮನೆಯಲ್ಲೋ ಮಠದ ದಾಸೋಹದಲ್ಲೋ ಎದುರಾದ ಹೆಂಗಸರು ಅತ್ತೆಯನ್ನು ತಪ್ಪದೆ ಕೇಳುತ್ತಿದ್ದರು: "ಯಜಮಾನ್ರು ಹೆಂಗವ್ರೆ?"

ಅತ್ತೆಯೂ ತಪ್ಪದೆ ಹೇಳುತ್ತಿದ್ದಳು: "ಅವ್ರೆ ಕಣವ್ವ, ಚೆನ್ನಾಗವ್ರೆ."

ಅಷ್ಟೇ. ಕೇಳುವವರಿಗೂ ಗೊತ್ತಿತ್ತು, ಹೇಳುವವಳಿಗೂ ಗೊತ್ತಿತ್ತು. ಸಣ್ಣವಳಿದ್ದಾಗ ನನಗೆ ಇದು ದೊಡ್ಡ ಆಷಾಢಭೂತಿತನ ಅನ್ನಿಸುತ್ತಿತ್ತು. ಸುಳ್ಳು ಪ್ರಶ್ನೆ, ಸುಳ್ಳು ಉತ್ತರ. ಆ ಎರಡು ಮಾತಿನ ಮೇಲೆ ಒಬ್ಬಳು ಹೆಂಗಸು ಒಂದು ಊರಿನಲ್ಲಿ ನೆಟ್ಟಗೆ ನಿಂತಿದ್ದಾಳೆ ಅನ್ನುವುದು ನನ್ನ ತಲೆಗೆ ಹೋಗಿರಲಿಲ್ಲ.

ನೆಟ್ಟಗೆ ನಿಂತಿದ್ದಳು ಅಂತ ಸುಮ್ಮನೆ ಹೇಳುತ್ತಿಲ್ಲ. ನಮ್ಮ ಬೀದಿಯಲ್ಲಿ ಯಾವ ಮನೆ ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟರೂ ಅವಳ ಮಡಿಲು ತುಂಬಲು ಅತ್ತೆಯೇ ಬೇಕು. ಅಕ್ಕಿ, ಬೆಲ್ಲ, ಅರಿಶಿನದ ಕೊಂಬು, ವೀಳ್ಯದೆಲೆ, ರವಿಕೆ ಕಣ, ಎರಡು ಕೊಬ್ಬರಿ ಬಟ್ಟಲು. ತಟ್ಟೆ ಹಿಡಿದು ಅತ್ತೆ ಎದ್ದು ಬಂದರೆ ಗಲಾಟೆ ಮಾಡುತ್ತಿದ್ದ ಮನೆ ಸುಮ್ಮನಾಗುತ್ತಿತ್ತು. ಅವಳ ಕೈಗುಣ ಒಳ್ಳೆಯದು ಅನ್ನುತ್ತಿದ್ದರು. ಗಂಡನ ಮನೆಯಲ್ಲಿ ಬಾಳದವಳ ಕೈಯಿಂದ ಗಂಡನ ಮನೆಗೆ ಹೋಗುವವಳ ಮಡಿಲು ತುಂಬಿಸುತ್ತಾರಲ್ಲ, ಇದೆಂಥ ತರ್ಕ ಎಂದು ನಾನು ಒಮ್ಮೆ ಅಮ್ಮನನ್ನು ಕೇಳಿದ್ದೆ. ಅಮ್ಮ ನನ್ನ ಬಾಯಿ ಮೇಲೆ ಒಂದು ಕೊಟ್ಟಿದ್ದಳು. ಹೊಡೆತವೇ ಉತ್ತರವಾಗಿತ್ತು. ಆ ವಿಷಯವನ್ನು ಬಾಯಿಬಿಟ್ಟು ಹೇಳದೆ ಇರುವವರೆಗೆ ಅದು ಇಲ್ಲ.

ತಂಗಿ ಮಾರುವ ಕೊಬ್ಬರಿ ಚಟ್ನಿಪುಡಿ ಅತ್ತೆಯದೇ. ತಂಗಿಯ ಸ್ಕೂಲ್ ಡಬ್ಬಿಯಲ್ಲಿ ಅದನ್ನು ತಿಂದ ಗೆಳತಿಯರು ಕೇಳಿದರು, ಅವರ ಅಮ್ಮಂದಿರು ಕೇಳಿದರು, ಇವಳು ಪೊಟ್ಟಣ ಕಟ್ಟಿದಳು, ವಾಟ್ಸಾಪಿನಲ್ಲಿ ಹಾಕಿದಳು. ಹತ್ತನೇ ತರಗತಿ ಮುಗಿದ ರಜೆಯಲ್ಲಿ ಅವಳಿಗೆ ಈ ಶಿಬಿರದ ಸುದ್ದಿ ಸಿಕ್ಕಿತು. ವ್ಯಾಪಾರ ಮಾಡುವ ಹದಿಹರೆಯದವರಿಗೆ ಕತೆ ಹೇಳುವುದನ್ನು ಕಲಿಸುತ್ತಾರಂತೆ, ಅಲ್ಲೇ ಊಟ, ಅಲ್ಲೇ ವಸತಿ.

"ವ್ಯಾಪಾರಕ್ಕೆ ಕತೆ ಯಾಕೆ? ನಾನು ಇಷ್ಟು ವರ್ಷ ಮಾಡ್ಲಿಲ್ವಾ?" ಅಂದರು ಅಪ್ಪ.

"ಅಪ್ಪ, ಈಗ ಜನ ಸಾಮಾನು ತಗೊಳಲ್ಲ, ಕತೆ ತಗೊಳ್ತಾರೆ," ಅಂದಳು ತಂಗಿ. ಆಗಲೇ ಆ ಶಿಬಿರದ ಜಾಹೀರಾತು ಬಾಯಿಪಾಠ ಮಾಡಿದ್ದಳು.

"ಹಂಗಾದ್ರೆ ಪೊಟ್ಟಣದಲ್ಲಿ ಕತೆ ತುಂಬ್ಸಿ ಕೊಡವ್ವ, ನನ್ಗೂ ಕುಟ್ಟೋದು ತಪ್ತದೆ," ಅಂದಳು ಅತ್ತೆ ಒಳಗಿನಿಂದ.

ಕೊನೆಗೆ ಅಪ್ಪ ಒಂದು ಷರತ್ತು ಹಾಕಿದರು: ಅವಳ ಅಕ್ಕನಾದ ನಾನೂ ಜೊತೆಗೆ ಹೋಗಬೇಕು. ಶಿಬಿರದವರು ನಗುತ್ತಲೇ ಒಪ್ಪಿ ನನ್ನನ್ನು ಸ್ವಯಂಸೇವಕಿ ಅಂತ ಕರೆದರು. ಹೀಗೆ ನಾನು ಚಾರ್ಟ್ ಪೇಪರ್ ಕತ್ತರಿಸುತ್ತ, ಟೀ ಲೋಟ ಎಣಿಸುತ್ತ, ಸಭಾಂಗಣದ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡಿದೆ.

ಕಲಿಸಲು ಬೆಂಗಳೂರಿನಿಂದ ಬಂದಿದ್ದವರು ಕೆಟ್ಟವರಲ್ಲ. ಅವರನ್ನು ಕೆಟ್ಟವರನ್ನಾಗಿ ಮಾಡಿದರೆ ನನಗೆ ವಾದ ಸುಲಭ, ಆದ್ದರಿಂದಲೇ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಜೊತೆ ನೆಲದಲ್ಲೇ ಕೂತು ಉಣ್ಣುತ್ತಿದ್ದರು, ಪ್ರತಿಯೊಬ್ಬರ ಮಾತನ್ನೂ ತಲೆಯಾಡಿಸುತ್ತ ಕೇಳುತ್ತಿದ್ದರು. ಮಕ್ಕಳು ಅವರನ್ನು ಸರ್ ಅನ್ನುತ್ತಿದ್ದರು. ಮೊದಲ ದಿನವೇ ಸರ್ ಬೋರ್ಡಿನ ಮೇಲೆ ಒಂದು ಗೆರೆ ಎಳೆದರು. ಗೆರೆ ನೇರವಾಗಿ ಹೋಗಿ, ದಬಕ್ಕನೆ ಕೆಳಗೆ ಬಿದ್ದು, ಮತ್ತೆ ಮೇಲೆ ಹತ್ತಿತು.

"ಇದು ನಿಮ್ಮ ಕತೆ. ಈ ಹಳ್ಳ ಇದೆಯಲ್ಲ, ಇದಿಲ್ಲದಿದ್ರೆ ಯಾರೂ ಕೇಳಲ್ಲ. ನಿಮ್ಮನಿಮ್ಮ ಹಳ್ಳ ಹುಡುಕಿ."

ಮಕ್ಕಳು ಹಳ್ಳ ಹುಡುಕತೊಡಗಿದರು. ಅರೇಹಳ್ಳಿಯಿಂದ ಬಂದು ಕಾಫಿಪುಡಿ ಮಾರುತ್ತಿದ್ದ ಹುಡುಗಿಗೆ ಬೇಗ ಸಿಕ್ಕಿತು, ಅವಳ ತಾತ ಒಮ್ಮೆ ಆನೆ ಕೈಗೆ ಸಿಕ್ಕಿ ಉಳಿದಿದ್ದರಂತೆ. ಸಿಗದೆ ಒದ್ದಾಡಿದವನು ಹಗರೆ ಊರಿನ ಹುಡುಗ. ಅವನದು ತುಪ್ಪದ ವ್ಯಾಪಾರ.

"ಸರ್, ನಮ್ಮನೇಲಿ ಹಸ ಅವೆ. ಡೈರಿಗೆ ಹಾಕಿ ಮಿಕ್ಕಿದ ಹಾಲಲ್ಲಿ ಬೆಣ್ಣೆ ತೆಗ್ದು ತುಪ್ಪ ಕಾಯಿಸ್ತೀವಿ. ಚೆನ್ನಾಗಿ ಹೋಯ್ತದೆ."

"ಇದರಲ್ಲಿ ನಿನಗೆ ಏನು ಕಷ್ಟ ಬಂತು?"

ಅವನು ಬಹಳ ಹೊತ್ತು ಯೋಚಿಸಿದ. "ಬೆಳಗ್ಗೆ ಏಳೋದು ಸರ್."

ಎಲ್ಲರೂ ನಕ್ಕರು. ಸರ್ ಕೂಡ ನಕ್ಕರು, ಆದರೆ ಬಿಡಲಿಲ್ಲ. "ಹಸು ಯಾವುದಾದ್ರೂ ಸತ್ತಿದೆಯಾ?"

"ಇಲ್ಲ ಸರ್. ಎಲ್ಲ ಗಟ್ಟಿಮುಟ್ಟಾಗವೆ."

"ಯೋಚನೆ ಮಾಡು."

ಮಾರನೇ ದಿನ ಬೆಳಗ್ಗೆ ಹಸು ಸತ್ತಿತ್ತು. ಕೆಂದು ಬಣ್ಣದ ಹಸು. ಅವನು ಧ್ವನಿ ನಡುಗಿಸಿಕೊಂಡು ಹೇಳಿದ ರೀತಿಗೆ ಮುಂದಿನ ಸಾಲಿನ ಹುಡುಗಿಯರು ಮೂಗು ಒರೆಸಿಕೊಂಡರು. ಟೀ ಹೊತ್ತಿನಲ್ಲಿ ನಾನು ಅವನನ್ನು ಹಿಡಿದುಕೊಂಡೆ.

"ಏನೋ, ಯಾವಾಗಲೋ ಸತ್ತಿದ್ದು ಹಸು?"

"ನೆನ್ನೆ ಮಲಗ್ದಾಗ ಅಕ್ಕ." ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ. "ಎಲ್ಲಾರ್ಗೂ ಹಳ್ಳ ಐತೆ, ನನ್ಗೆ ಮಾತ್ರ ಇಲ್ಲ ಅಂದ್ರೆ ಚೆನ್ನಾಗಿರಲ್ಲ ಅಲ್ವಾ? ಆದ್ರೆ ನಮ್ಮವ್ವಂಗೆ ಹೇಳ್ಬ್ಯಾಡ ಅಕ್ಕ. ಆ ಹಸಾನೆ ಅವ್ಳಿಗೆ ಪ್ರಾಣ. ಅದನ್ನ ಸಾಯಿಸ್ಬುಟ್ಟೆ ಅಂತ ಗೊತ್ತಾದ್ರೆ ನನ್ನ ಮನೆಗೆ ಸೇರ್ಸಲ್ಲ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಈಗ ನಗು ಬರುವುದಿಲ್ಲ. ಹಸುವಿನ ವಿಷಯದಲ್ಲಿ ಒಂದು ಅನುಕೂಲವಿದೆ. ಕತೆಯಲ್ಲಿ ಸತ್ತರೂ ಮನೆಯಲ್ಲಿ ಅದು ಎದ್ದು ನಿಂತು ಹಾಲು ಕೊಡುತ್ತದೆ.

ತಂಗಿಯ ಸರದಿ ಬಂದಾಗ ಅವಳು ಡಬ್ಬಿ, ಗೆಳತಿಯರು, ಪೊಟ್ಟಣ ಎಲ್ಲವನ್ನೂ ಇದ್ದ ಹಾಗೆ ಹೇಳಿದಳು. ಸರ್ ಮೆತ್ತಗೆ ಅಂದರು, "ರಸ್ತೆ ಚೆನ್ನಾಗಿದೆ ಮಗು. ಆದ್ರೆ ಎಲ್ಲಿಗೂ ಹೋಗ್ತಾ ಇಲ್ಲ. ಈ ಪುಡಿ ಮೊದಲು ಮಾಡಿದ್ದು ಯಾರು?"

"ನಮ್ಮತ್ತೆ."

"ಅವರ ಬಗ್ಗೆ ಹೇಳು."

ತಂಗಿ ಒಂದು ಕ್ಷಣ ಹಿಂದಿನ ಬೆಂಚಿನ ಕಡೆ, ನನ್ನ ಕಡೆ ನೋಡಿದಳು. "ನಮ್ಮನೇಲೇ ಇರ್ತಾರೆ," ಅಂದಳು. ಸರ್ ಬೋರ್ಡಿನ ಕಡೆ ತಿರುಗಿದ್ದವರು ಮತ್ತೆ ಅವಳ ಕಡೆ ತಿರುಗಿದರು. ಆಮೇಲೆ ಅವರಿಬ್ಬರೂ ಹೊರಗೆ ಜಗುಲಿಯಲ್ಲಿ ಕೂತು ಮಾತಾಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಏನು ಮಾತಾಡಿದರು ಅಂತ ಕೇಳಲಿಲ್ಲ.

ಅವತ್ತು ಸಂಜೆ ಎಲ್ಲರನ್ನೂ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಗೈಡುಗಳು ಕತೆ ಹೇಗೆ ಹೇಳುತ್ತಾರೆ ಅಂತ ಕೇಳಿಸಿಕೊಳ್ಳುವುದು ಅವತ್ತಿನ ಪಾಠ. ಹೊರಗೋಡೆಯ ಒಂದು ಹೆಣ್ಣು ವಿಗ್ರಹದ ಮುಂದೆ ಒಬ್ಬ ಗೈಡು ಅವಳು ಗಂಡನಿಗಾಗಿ ಕಾಯುತ್ತಿದ್ದಾಳೆ ಅಂದ. ಅವನ ಗುಂಪು ಆಚೆ ಹೋದ ಮೇಲೆ ಬಂದ ಇನ್ನೊಬ್ಬ, ಅದೇ ವಿಗ್ರಹವನ್ನು ತೋರಿಸಿ ಅವಳು ಕೋಪ ಮಾಡಿಕೊಂಡು ಹೊರಟು ನಿಂತಿದ್ದಾಳೆ ಅಂದ. ಎರಡು ಗುಂಪಿನವರೂ ತಲೆದೂಗಿ ಫೋಟೊ ತೆಗೆದುಕೊಂಡರು. ನಾನು ತಂಗಿಗೆ ಅಂದೆ, "ನೋಡು, ಕಲ್ಲು ಎದುರು ಮಾತಾಡಲ್ಲ ಅಂತ ಇವರ ಧೈರ್ಯ." ಅವಳು ನಗಲಿಲ್ಲ. ಏನನ್ನೋ ಬಾಯೊಳಗೇ ಅಭ್ಯಾಸ ಮಾಡುತ್ತಿದ್ದಳು.

ಕೊನೆಯ ದಿನ ಎಲ್ಲರ ಮನೆಯವರನ್ನೂ ಕರೆದಿದ್ದರು. ಜಾವಗಲ್ ಕಡೆಯಿಂದ ಬಂದ ಬಸ್ಸಿನಲ್ಲಿ ಅಪ್ಪ, ಅಮ್ಮ, ಅತ್ತೆ ಇಳಿದರು. ಅತ್ತೆ ಮದುವೆಗೆ ಉಡುವ ನೇರಳೆ ಬಣ್ಣದ ಸೀರೆ ಉಟ್ಟಿದ್ದಳು. ಸರ್ ಖುದ್ದು ಬಂದು ಅವಳನ್ನು ಮುಂದಿನ ಸಾಲಿಗೆ ಕರೆದೊಯ್ದರು.

"ಅವ್ರಿಗೆ ನಾನು ಹೆಂಗೆ ಗೊತ್ತು?" ಅಂದಳು ಅತ್ತೆ ನನ್ನ ಕಡೆ ತಿರುಗಿ. ಮುಖದಲ್ಲಿ ಖುಷಿ ಇತ್ತು.

"ನಿನ್ನ ಚಟ್ನಿಪುಡಿ ತಿಂದವ್ರೆ," ಅಂದೆ. ನಾನೂ ಹಾಗೇ ಅಂದುಕೊಂಡಿದ್ದೆ.

ತಂಗಿ ವೇದಿಕೆ ಹತ್ತಿದಳು. ಚೆನ್ನಾಗಿ ಹೇಳಿದಳು, ಅದನ್ನು ಅಲ್ಲಗಳೆಯಲಾರೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದಳು. ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ, ಅಂತ ಶುರು ಮಾಡಿದಳು. ಅವರನ್ನು ಒಂದು ಸಂಜೆ ಗಂಡ ಹೊರಗೆ ನಿಲ್ಲಿಸಿ ಒಳಗಿನಿಂದ ಚಿಲಕ ಹಾಕಿಕೊಂಡ. ತವರಿನವರು ತುಂಬಿ ಕಳಿಸಿದ್ದ ಮಡಿಲಲ್ಲಿ ಆಗ ಉಳಿದಿದ್ದು ಒಂದೇ ಒಂದು ಕೊಬ್ಬರಿ ಬಟ್ಟಲು. ಅದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಅವರು ಬಸ್ಸು ಹತ್ತಿದರು. ಗಂಡ ಬಿಟ್ಟ ಹೆಣ್ಣು ಅಂತ ಊರೆಲ್ಲ ಆಡಿಕೊಂಡಿತು. ಅವರು ಯಾರಿಗೂ ಉತ್ತರ ಕೊಡಲಿಲ್ಲ, ಆ ಕೊಬ್ಬರಿಯನ್ನು ಒರಳಿಗೆ ಹಾಕಿ ಕುಟ್ಟಿದರು. ಆ ಕಣ್ಣೀರಿನ ಉಪ್ಪು ಇವತ್ತಿಗೂ ಈ ಪುಡಿಯಲ್ಲಿದೆ.

ನಮ್ಮ ಚಟ್ನಿಪುಡಿಗೆ ಹಾಕುವುದು ಅಂಗಡಿಯಲ್ಲಿ ತಂದ ಪುಡಿಯುಪ್ಪು. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಇಂಥದೇ. ಚಿಲಕ ಎಲ್ಲಿಂದ ಬಂತು? ಆಡಿಕೊಂಡ ಊರು ಯಾವುದು? ಒಂದೊಂದೇ ಕೊಂಡಿ ಬಿಚ್ಚಿ ಬಿಚ್ಚಿ ನೋಡುತ್ತಿದ್ದೆ. ಪಕ್ಕದಲ್ಲಿ ಅಪ್ಪ ಕಾಲ ಬುಡದ ನೆಲವನ್ನು ನೋಡುತ್ತಿದ್ದರು. ಅಮ್ಮನ ಕೈ ಅವಳ ಬಾಯಿ ಮೇಲಿತ್ತು. ಮೂರು ಸಾಲು ಮುಂದೆ ಅತ್ತೆಯ ಬೆನ್ನು ಕಾಣುತ್ತಿತ್ತು, ನೇರಳೆ ಸೀರೆ, ಬಿಗಿಯಾಗಿ ಕಟ್ಟಿದ ತುರುಬು. ಅದು ಅಲ್ಲಾಡಲಿಲ್ಲ.

"ಆ ಅತ್ತೆ ಇವತ್ತು ಇಲ್ಲೇ ಇದ್ದಾರೆ," ಅಂದರು ಸರ್.

ಚಪ್ಪಾಳೆ ಶುರುವಾಯಿತು. ಇಬ್ಬರು ಹುಡುಗಿಯರು ಕೈ ಹಿಡಿದು ಅತ್ತೆಯನ್ನು ಮೇಲೆ ಹತ್ತಿಸಿದರು. ಶಾಲು ಹೊದಿಸಿದರು, ಅದು ಜಾರುತ್ತಿತ್ತು, ಅವಳು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಂಡಳು. ಮೈಕು ಬಾಯಿಗೆ ಹಿಡಿದರು. ಅತ್ತೆ ಎಲ್ಲರನ್ನೂ ಒಮ್ಮೆ ನೋಡಿ ಅಂದಳು, "ಬಿಸ್ಲು ಜಾಸ್ತಿ ಐತೆ. ಎಲ್ಲಾರೂ ನೀರು ಕುಡ್ಕೊಂಡು ಹೋಗಿ."

ಸಭೆಗೆ ಅದೂ ಕತೆಯ ಭಾಗವಾಗಿಯೇ ಕೇಳಿಸಿತು. ಇಷ್ಟು ನೋವುಂಡವಳು ಇನ್ನೊಬ್ಬರ ದಾಹದ ಬಗ್ಗೆ ಯೋಚಿಸುತ್ತಾಳಲ್ಲ ಅಂತ ಇನ್ನೂ ಜೋರಾಗಿ ತಟ್ಟಿದರು.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತಳು. ತಂಗಿ ಮೊದಲ ಬಹುಮಾನದ ಫಲಕವನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡು ಅವಳ ಪಕ್ಕ ಕೂತಳು.

"ಅತ್ತೆ, ನಿಂಗೆ ಬೇಜಾರಾಯ್ತಾ?"

"ಶಾಲು ಚೆನ್ನಾಗೈತೆ," ಅಂದಳು ಅತ್ತೆ. ಸ್ವಲ್ಪ ದೂರ ಹೋದ ಮೇಲೆ ಅದನ್ನು ನಾಲ್ಕಾಗಿ ಮಡಿಚಿ ಅಮ್ಮನ ಚೀಲಕ್ಕೆ ತುರುಕಿದಳು.

ಶಿಬಿರದವರು ತೆಗೆದು ಹಾಕಿದ್ದ ವಿಡಿಯೊ ನಮಗಿಂತ ಮೊದಲೇ ಅರಸೀಕೆರೆ ತಲುಪಿತ್ತು. ಮಾರನೇ ದಿನದಿಂದ ಹೆಂಗಸರು ಬರತೊಡಗಿದರು. ಯಾರೂ ಆಡಿಕೊಳ್ಳಲು ಬರಲಿಲ್ಲ. ಹಾಗೆ ಬಂದಿದ್ದರೆ ನನಗೆ ಜಗಳವಾಡಲು ಗೊತ್ತಿತ್ತು. ಅವರು ಬಂದದ್ದು ಸಮಾಧಾನ ಹೇಳಲು. ಅತ್ತೆಯ ಕೈ ಹಿಡಿದು, "ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೆಯಲ್ಲಕ್ಕ," ಅಂದರು. ಸೋಮವಾರ ಮಠದ ದಾಸೋಹದಲ್ಲಿ ಸಾರಿನ ಉಪ್ಪು ನೋಡುವವಳು ಅತ್ತೆಯೇ. ಅವತ್ತು ಒಬ್ಬರು ಅವಳ ಕೈಯಿಂದ ಸೌಟು ತೆಗೆದುಕೊಂಡು ಕುರ್ಚಿ ಹಾಕಿ ಕೂರಿಸಿದರು. "ನೀನು ಪಟ್ಟಿದ್ದು ಸಾಕು. ಸುಧಾರಿಸ್ಕೊ."

ಆಮೇಲೆ ನನ್ನ ಗಮನಕ್ಕೆ ಬಂದದ್ದು ಇನ್ನೊಂದು. ಅಷ್ಟು ಜನ ಬಂದರಲ್ಲ, ಒಬ್ಬರೂ ಆ ಹಳೆಯ ಪ್ರಶ್ನೆ ಕೇಳಲಿಲ್ಲ. ಯಜಮಾನ್ರು ಹೆಂಗವ್ರೆ ಅಂತ ಯಾರೂ ಕೇಳಲಿಲ್ಲ. ಹೇಗೆ ಕೇಳುತ್ತಾರೆ? ಅವನು ಚಿಲಕ ಹಾಕಿಕೊಂಡವನು ಅಂತ ಈಗ ಎಲ್ಲರಿಗೂ ಗೊತ್ತು. ಅತ್ತೆಯ ಉತ್ತರ ಮಾತ್ರ ಉಳಿದಿತ್ತು, ಅದನ್ನು ಇಡಲು ಪ್ರಶ್ನೆಯೇ ಇರಲಿಲ್ಲ.

ನಾನು ತಂಗಿಯನ್ನು ಅಟ್ಟದ ಏಣಿಯ ಹತ್ತಿರ ತಡೆದೆ.

"ಚಿಲಕ ಎಲ್ಲಿಂದ ಬಂತು?"

"ಅಕ್ಕ, ಓವರ್ ಆಗಿ ಆಡ್ಬೇಡ. ಕತೆಗೆ ಬೇಕಿತ್ತು."

"ಗಂಡ ಬಿಟ್ಟ ಅಂದೆಯಲ್ಲ, ಯಾರು ಹೇಳಿದ್ದು ನಿಂಗೆ?"

"ಮತ್ತೆ ಏನಾಯ್ತು? ನೀನೇ ಹೇಳು."

"ಅತ್ತೇನೇ ಬಿಟ್ಟು ಬಂದಿದ್ದು. ತಲೆ ಎತ್ಕೊಂಡು ಬಂದವಳು ಅವಳು. ಹೆದ್ರಿಕೊಂಡು ಬಂದವಳ ಥರ ಕಾಣ್ತಾಳಾ?"

"ಅದನ್ನ ಯಾರು ಹೇಳಿದ್ದು ನಿಂಗೆ?"

ಎಷ್ಟು ವೇದಿಕೆಗಳಲ್ಲಿ ಎಂಥೆಂಥ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಕೊಟ್ಟಿದ್ದೇನೆ. ಯಾರೂ ಹೇಳಿರಲಿಲ್ಲ. ಅವಳ ತುರುಬಿನ ಬಿಗಿ ನೋಡಿ, ನಡೆಯುವ ರೀತಿ ನೋಡಿ, ನನಗೆ ಬೇಕಾದ ಅತ್ತೆಯನ್ನು ನಾನು ಕಟ್ಟಿಕೊಂಡಿದ್ದೆ. ತಂಗಿಯ ಕತೆಯಲ್ಲಿ ಬಿದ್ದ ಹಳ್ಳ, ನನ್ನದರಲ್ಲಿ ಏರಿದ ದಿಣ್ಣೆ. ದೇವಸ್ಥಾನದ ಗೋಡೆಯ ಮುಂದಿನ ಇಬ್ಬರು ಗೈಡುಗಳು ನೆನಪಾದರು. ನನ್ನ ಕತೆ ಹೆಚ್ಚು ಗೌರವದ್ದು ಅಂತ ಎಷ್ಟು ವಾದ ಮಾಡಿದರೂ, ಕೇಳದೆ ಹೇಳಿದ್ದು ಕೇಳದೆ ಹೇಳಿದ್ದೇ.

"ಇಬ್ರೂ ಚೆನ್ನಾಗಿ ಮಾತಾಡ್ತೀರ ಬಿಡಿ," ಅತ್ತೆಯ ದನಿ ಅಡುಗೆಮನೆಯಿಂದ ಬಂತು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ. "ಒಳಕ್ಕೆ ಬಂದು ಬೆಳ್ಳುಳ್ಳಿ ಬಿಡಿಸ್ರಿ."

ಹೋಗಿ ಬಿಡಿಸಿದೆವು. ಅವಳು ಆ ವಿಷಯ ಎತ್ತಲಿಲ್ಲ. ನಾವು ಕೇಳಲಿಲ್ಲ. ಬೆಳ್ಳುಳ್ಳಿ ಸಿಪ್ಪೆ ಫ್ಯಾನಿನ ಗಾಳಿಗೆ ಹಾರಿ ಹಾರಿ ಮೂವರ ತಲೆಯ ಮೇಲೂ ಕೂತಿತು.

ಎದುರುಮನೆಯ ಮಗಳು ಬಾಣಂತನಕ್ಕೆ ಬಂದಿದ್ದವಳು ಮಗು ಎತ್ತಿಕೊಂಡು ಬೇಲೂರಿಗೆ ಗಂಡನ ಮನೆಗೆ ಹೊರಡುವ ದಿನ ಬಂತು. ಕುಂಕುಮ ಕೊಟ್ಟು ಕರೆಯಲು ಅವಳ ತಾಯಿ ನಮ್ಮ ಮನೆಗೂ ಬಂದರು. ಅತ್ತೆ ಅವತ್ತೇ ಅಟ್ಟ ಹತ್ತಿದಳು. ಕಾಯಿ ಅಲ್ಲಾಡಿಸಿ ನೋಡಿ ಎರಡು ಇಳಿಸಿದಳು, ಒಡೆಸಿದಳು. ಒಂದರಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡಿತು ಅಂತ ಮತ್ತೆ ಹತ್ತಿದಳು. ಅಮ್ಮ ಕೆಳಗಿನಿಂದ, "ಅತ್ತಿಗೆ, ಅಂಗಡೀಲಿರೋದನ್ನೇ ತಗೊಳಿ, ಯಾಕೆ ಹತ್ತಿ ಇಳಿದು ಮಾಡ್ತೀರ," ಅಂದಳು. ಅಮ್ಮನ ಧ್ವನಿಯಲ್ಲಿ ಬೇರೆ ಏನೋ ಇತ್ತು. ಅತ್ತೆ ಇನ್ನೊಂದು ಕಾಯಿ ಇಳಿಸಿ ಒಡೆಸಿದಳು. ಒರೆಸಿ ಹೊಳಪು ಬಂದ ಬಟ್ಟಲುಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿದಳು.

ಎದುರುಮನೆಯ ನಡುಮನೆಯಲ್ಲಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಬೇಲೂರಿನಿಂದ ಅವಳ ಗಂಡನ ತಾಯಿ, ಓರಗಿತ್ತಿ ಬಂದಿದ್ದರು. ನಾವು ಒಳಗೆ ಹೋದಾಗ ಅವರ ಮಾತು ನಿಂತಿತು. ಆ ಓರಗಿತ್ತಿ ಅತ್ತೆಯನ್ನು ನೋಡಿ ಪಕ್ಕದವರ ಕಿವಿಗೆ ಏನೋ ಹೇಳಿದಳು. ಪಕ್ಕದವರು ಅಯ್ಯೋ ಪಾಪ ಅನ್ನುವ ಮುಖ ಮಾಡಿದರು.

ಅತ್ತೆ ಎಂದಿನಂತೆ ತಟ್ಟೆಯ ಕಡೆ ಹೋದಳು. ಡಬ್ಬಿ ತೆರೆದು ಕೊಬ್ಬರಿ ಬಟ್ಟಲುಗಳನ್ನು ಅಕ್ಕಿಯ ಮೇಲೆ ಇಟ್ಟಳು. ತಟ್ಟೆ ಎತ್ತಲು ಎರಡು ಕೈ ಹಾಕಿದಳು. ಆಗ ಎದುರುಮನೆಯಾಕೆ ಬೇಗ ಬೇಗ ಬಂದು ಅವಳ ಮೊಣಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ನೀನು ಕೂತ್ಕೊ ಅಕ್ಕ. ನಿಂಗ್ಯಾಕೆ ಸಂಕಟ? ಮನಸ್ಸಿಗೆ ಎಲ್ಲಾ ನೆನಪಾಯ್ತದೆ. ಇವ್ಳು ಹುಡುಗಿ ಅವ್ಳೆ, ಇವ್ಳು ತುಂಬ್ತಾಳೆ."

ಆ ಹುಡುಗಿ ಅವರ ಸೊಸೆ, ಮೊನ್ನೆ ಮೊನ್ನೆ ಮದುವೆಯಾಗಿ ಬಂದವಳು. ಏನು ಮಾಡಬೇಕೋ ತಿಳಿಯದೆ ಅತ್ತೆಯ ಮುಖ ನೋಡಿದಳು. ಅತ್ತೆಯೇ ತಟ್ಟೆಯನ್ನು ಅವಳ ಕೈಗೆ ಕೊಟ್ಟಳು. "ತಗೊ ಮಗ. ಸೆರಗು ಸರಿ ಮಾಡ್ಕೊ," ಅಂದಳು. ಆಮೇಲೆ ಗೋಡೆ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತು, ಖಾಲಿ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಮುಚ್ಚಿದಳು.

ಅವಳ ಕೊಬ್ಬರಿಯನ್ನು ತೆಗೆದುಕೊಂಡರು. ಕೈ ಬೇಡವಾಯಿತು.

ಅಲ್ಲಿ ನಾನು ಏನು ವಾದ ಮಾಡಬಹುದಿತ್ತು ಅಂತ ಆಮೇಲೆ ಹಲವು ಸಲ ಯೋಚಿಸಿದ್ದೇನೆ. ಅವಳಿಗೆ ತಾಳಿ ಇದೆ ಅನ್ನಬಹುದಿತ್ತೇ? ಹಾಗಂದರೆ ತಾಳಿ ಇಲ್ಲದವರು ತುಂಬಬಾರದು ಅಂತ ನಾನೇ ಒಪ್ಪಿದ ಹಾಗೆ. ಕತೆ ಸುಳ್ಳು ಅನ್ನಬಹುದಿತ್ತೇ? ಹಾಗಾದರೆ ನಿಜ ಏನು ಅಂತ ಕೇಳುತ್ತಾರೆ. ಒಂದು ಕಾಲದಲ್ಲಿ ನಾನು ನಕ್ಕಿದ್ದ ಆ ಸುಳ್ಳು ಪ್ರಶ್ನೆ, ಸುಳ್ಳು ಉತ್ತರದಷ್ಟು ಗಟ್ಟಿಯಾದದ್ದು ನನ್ನ ಹತ್ತಿರ ಒಂದೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಂಗಿ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಯಾರನ್ನೂ ನೋಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಮಣೆಯ ಮೇಲೆ ಕೂತವಳ ತೊಡೆಯಲ್ಲಿದ್ದ ಮಗು ಮಾತ್ರ ಅತ್ತೆಯ ಡಬ್ಬಿಯ ಹೊಳಪನ್ನೇ ನೋಡುತ್ತಿತ್ತು.

ಮನೆಗೆ ಬಂದು ಅತ್ತೆ ಸೀರೆ ಬದಲಾಯಿಸಿ ಒಲೆಯ ಮುಂದೆ ಕೂತಳು. ತಂಗಿಯ ಆರ್ಡರಿಗೆ ಮೆಣಸಿನಕಾಯಿ ಹುರಿಯಬೇಕಿತ್ತು. ಕತೆ ಕೇಳಿದವರೆಲ್ಲ ಪುಡಿ ಬೇಕು ಅಂತ ಬರೆದಿದ್ದರು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಹೊಸ ಪೊಟ್ಟಣಗಳ ಕಟ್ಟಿತ್ತು. ಸರ್ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿ ಕಳಿಸಿದ್ದರು, ಪ್ರತಿಯೊಂದರ ಮೇಲೂ ಶಾಲು ಹೊದ್ದು ಕಣ್ಣೊರೆಸಿಕೊಳ್ಳುವ ಅತ್ತೆ.

"ಅತ್ತೆ, ಇದ್ಯಾವುದೂ ಬೇಡ. ಇನ್ನೊಂದು ವಿಡಿಯೊ ಮಾಡ್ತೀನಿ. ನಾನು ಹೇಳಿದ್ದು ಸುಳ್ಳು, ನಿಜ ಇದು ಅಂತ ಎಲ್ಲಾರ್ಗೂ ಹೇಳ್ತೀನಿ."

"ಯಾವ್ದು ನಿಜ?" ಅಂದಳು ಅತ್ತೆ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅಂಗಡಿಯಿಂದ ಏನು ತರಬೇಕು ಅಂತ ಕೇಳಿದ ಹಾಗಿತ್ತು.

ತಂಗಿ ಅಳತೊಡಗಿದಳು. ಅತ್ತೆ ಅವಳ ಕೈಯಿಂದ ಪೊಟ್ಟಣಗಳನ್ನು ಇಸಿದುಕೊಂಡು, ತನ್ನ ಮುಖವಿದ್ದ ಬದಿಯನ್ನು ಕೆಳಗೆ ಮಾಡಿ ಪಕ್ಕದಲ್ಲಿಟ್ಟಳು. "ಬ್ಯಾಡ ಕಣವ್ವ. ಇನ್ನೊಂದ್ಸಲ ಹೇಳ್ಬ್ಯಾಡ. ಹೋಗು, ಕಿಟಕಿ ತೆಗಿ, ಘಾಟು ಬರ್ತದೆ."

ಮೆಣಸಿನಕಾಯಿ ಬಾಣಲೆಗೆ ಬಿತ್ತು. ಮೂವರೂ ಕೆಮ್ಮಿದೆವು, ಮೂವರ ಕಣ್ಣಲ್ಲೂ ನೀರು ಬಂತು. ಯಾರ ನೀರು ಯಾವುದಕ್ಕೆ ಬಂದದ್ದು ಅಂತ ಸಾಕ್ಷಿ ಹೇಳಲು ಈಗ ನಾನು ತಯಾರಿಲ್ಲ. ಎದುರುಮನೆಯ ಮುಂದೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು, ಮಗು ಅತ್ತಿತು, ಹೆಂಗಸರು ಹೋಗಿ ಬಾರವ್ವ ಅಂದರು. ಅತ್ತೆ ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ, ತಲೆ ಮಾತ್ರ ಆ ಕಡೆಗೆ ಸ್ವಲ್ಪ ವಾಲಿತು.

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಆ ಪ್ರಶ್ನೆಯನ್ನು ಈ ಊರಿನ ಎಲ್ಲ ಹೆಂಗಸರ ಬಾಯಲ್ಲೂ ಕೇಳಿದ್ದೇನೆ, ಹೇಗೆ ಕೇಳಬೇಕು ಅಂತ ನನಗೆ ಗೊತ್ತಿತ್ತು. ಮುಖ ನೋಡಬಾರದು, ಕೈಯಲ್ಲಿ ಏನಾದರೂ ಕೆಲಸವಿರಬೇಕು, ಉತ್ತರ ಮೊದಲೇ ಗೊತ್ತಿರುವವರ ಹಾಗೆ ಕೇಳಬೇಕು. ಚೆಲ್ಲಿದ್ದ ಮೆಣಸಿನ ಬೀಜಗಳನ್ನು ಬೆರಳಲ್ಲಿ ಒಂದು ಕಡೆ ಗುಡ್ಡೆ ಮಾಡುತ್ತ ಕೇಳಿದೆ:

"ಅತ್ತೆ, ಮಾವ ಹೆಂಗವ್ರೆ?"